ಸರಾಸರಿಯಲ್ಲಿ ಕಾಣದ ದೊಡ್ಡನೆಕ್ಕುಂದಿ

2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆಯಾಗಿದೆ ಎಂದು ಹವಾಮಾನ ಇಲಾಖೆ ಹೇಳಿತು. ಅದು ಹುಬ್ಬೆ ಮಳೆ. ಹೊರವರ್ತುಲ ರಸ್ತೆಯ ಮೇಲೆ ಮೊಣಕಾಲುದ್ದ ನೀರು ನಿಂತಿತು, ಕಚೇರಿಗೆ ಹೊರಟವರು ಟ್ರ್ಯಾಕ್ಟರ್ ಹತ್ತಿದರು, ವರ್ತೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಮರುದಿನ ಬಂದ ಇನ್ಫೋಗ್ರಾಫಿಕ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: ಒಂದು ಕರಿ ಮೋಡ, ಅದರ ಕೆಳಗೆ ದಪ್ಪಕ್ಷರದಲ್ಲಿ 131.6.

ಆ ಸಂಖ್ಯೆ ಸರಿಯಾದದ್ದೇ. ಆದರೆ ಅದನ್ನು ಅಳೆದದ್ದು ಅರಮನೆ ರಸ್ತೆಯಲ್ಲಿರುವ ಹವಾಮಾನ ಕೇಂದ್ರದಲ್ಲಿ. ನಗರದ ಪೂರ್ವದ ಅಂಚಿನ ದೊಡ್ಡನೆಕ್ಕುಂದಿಯಿಂದ ಅಲ್ಲಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 12 ಕಿಲೋಮೀಟರ್. ಇಲಾಖೆಗೆ ಬೆಂಗಳೂರಿನಲ್ಲಿ ಇನ್ನೂ ಎರಡು ಮುಖ್ಯ ವೀಕ್ಷಣಾಲಯಗಳಿವೆ. ಒಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ಇನ್ನೊಂದು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ. ಮೂರರ ಅಂಕಿಗಳೂ ಪ್ರತಿದಿನ ಪ್ರಕಟವಾಗುತ್ತವೆ. ಬೆಂಗಳೂರಿನ ಮಳೆ ಒಂದೇ ಹಾಸಾಗಿ ಬೀಳುವ ಮಳೆಯಲ್ಲ. ಸಂಜೆ ಹೊತ್ತಿಗೆ ಗುಡುಗಿ ಬರುವ ಮೋಡ ಯಶವಂತಪುರವನ್ನು ತೋಯಿಸಿ ಕೆ.ಆರ್. ಪುರವನ್ನು ಒಣಗಿದಂತೆಯೇ ಬಿಟ್ಟುಹೋಗುವುದು ಇಲ್ಲಿ ಮಾಮೂಲು. ಹಾಗಿರುವಾಗ ದೊಡ್ಡನೆಕ್ಕುಂದಿಯವರು ನೋಡಬೇಕಾದದ್ದು ನಾಲ್ಕೈದು ಕಿಲೋಮೀಟರ್ ದೂರದ ಎಚ್‌ಎಎಲ್ ಅಂಕಿಯನ್ನು. ಸುದ್ದಿಯ ಚಿತ್ರದಲ್ಲಿ ಕಾಣುವುದು ಮಾತ್ರ ಅರಮನೆ ರಸ್ತೆಯದು.

ಅಂಕಿಗಳನ್ನು ಚಿತ್ರವಾಗಿ ತೋರಿಸುವ ವಿದ್ಯೆಯ ಬಗ್ಗೆ ಮಾತು ಬಂದಾಗಲೆಲ್ಲ ಬಣ್ಣ, ಆಕಾರ, ತಂತ್ರಾಂಶಗಳ ಚರ್ಚೆಯೇ ಆಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಚಿತ್ರ ಬರೆಯುವ ಮೊದಲೇ ತೀರ್ಮಾನವಾಗಿಬಿಡುವ ಒಂದು ಸಂಗತಿ: ಯಾವ ಗಡಿಯೊಳಗಿನ ಅಂಕಿ? ಇಡೀ ನಗರದ್ದೋ, ವಾರ್ಡಿನದ್ದೋ, ಕೆರೆಯ ಜಲಾನಯನದ್ದೋ, ನಮ್ಮ ಸೈಟಿನದ್ದೋ? ಗಡಿ ಬದಲಾದರೆ ಅದೇ ಮಳೆ, ಅದೇ ನೀರು, ಅದೇ ಗಾಳಿ ಬೇರೆಯೇ ಕಥೆ ಹೇಳುತ್ತವೆ.

ಆ 131.6ನ್ನೇ ಒಂದು 30×40 ಸೈಟಿನ ಗಡಿಯೊಳಗೆ ಇಟ್ಟು ನೋಡೋಣ. 1,200 ಚದರ ಅಡಿ ಅಂದರೆ ಸುಮಾರು 111.5 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹಾಗಾಗಿ ಅಂಥ ಮಳೆ ಬಿದ್ದ ದಿನ ಒಂದು ಸೈಟಿನ ಮೇಲೆ ಇಳಿಯುವ ನೀರು 14,600 ಲೀಟರಿಗೂ ಹೆಚ್ಚು. ದೊಡ್ಡನೆಕ್ಕುಂದಿಯ ಗಲ್ಲಿಗಳಲ್ಲಿ ಹಿಂದೆಮುಂದೆ ನೋಡಿಕೊಂಡು ರಿವರ್ಸ್ ಬರುವ ದೊಡ್ಡ ಟ್ಯಾಂಕರ್‌ನಲ್ಲಿ ಹಿಡಿಸುವುದು 12,000 ಲೀಟರ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿದಾಗ, ಐದು ಕಿಲೋಮೀಟರ್ ಒಳಗಿನ ಅಂಥ ಒಂದು ಲೋಡಿಗೆ ಹಾಕಿದ ಬೆಲೆ 1,000 ರೂಪಾಯಿ. ವರ್ಷದ ವಾಡಿಕೆ ಮಳೆ ಸುಮಾರು 980 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದೇ ಸೈಟಿನ ಮೇಲೆ ವರ್ಷಕ್ಕೆ ಒಂಬತ್ತು ದೊಡ್ಡ ಟ್ಯಾಂಕರ್‌ನಷ್ಟು ನೀರು ಆಕಾಶದಿಂದಲೇ ಬರುತ್ತದೆ. 30×40ರ ಮೇಲೆ ಹೊಸದಾಗಿ ಕಟ್ಟುವ ಮನೆಗೆ ಮಳೆನೀರು ಸಂಗ್ರಹ ಕಡ್ಡಾಯ ಎಂದು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂದದ್ದು 2009ರಲ್ಲಿ. ಅದರ ಬಗ್ಗೆ ಎಷ್ಟೋ ಭಿತ್ತಿಪತ್ರ, ಜಾಹೀರಾತು ಬಂದಿವೆ. ಒಂದು ಮನೆಯ ನಕ್ಷೆ, ಅದರ ಪಕ್ಕದಲ್ಲಿ ಸಾಲಾಗಿ ನಿಂತ ಒಂಬತ್ತು ಟ್ಯಾಂಕರ್: ಇಷ್ಟೇ ಸಾಕಾಗಿತ್ತು. ಮಿಲಿಮೀಟರ್ ಎಂಬುದು ಮಾಪಕ ನೋಡುವವರ ಭಾಷೆ. ಟ್ಯಾಂಕರ್ ಎಂಬುದು ಮನೆ ನಡೆಸುವವರ ಭಾಷೆ.

ಈಗ 2024ರ ಆ ಬೇಸಿಗೆಗೆ ಬರೋಣ. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಬೇಕಾದದ್ದು ದಿನಕ್ಕೆ 2,600 ಎಂಎಲ್‌ಡಿ, ಕಾವೇರಿಯಿಂದ 1,450, ಕೊಳವೆಬಾವಿಯಿಂದ 650, ಕೊರತೆ 500. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಈ ಲೆಕ್ಕವನ್ನು ದುಂಡಗಿನ ಪೈ ಚಾರ್ಟ್ ಆಗಿ ಬರೆದರೆ ಕೊರತೆ ಸುಮಾರು ಐದನೇ ಒಂದು ಭಾಗದ ತುಂಡು. ನೋಡುವವರಿಗೆ ಏನನ್ನಿಸುತ್ತದೆ? ಎಲ್ಲರ ಮನೆಯಲ್ಲೂ ಐದು ಬಿಂದಿಗೆಯಲ್ಲಿ ಒಂದು ಬಿಂದಿಗೆ ಕಡಿಮೆಯಾಗಿದೆ, ಸ್ವಲ್ಪ ಹಿತಮಿತವಾಗಿ ಬಳಸಿದರೆ ಸರಿಹೋಗುತ್ತದೆ ಎಂದು.

ಹಾಗೆ ಆಗಲಿಲ್ಲ. ಕಾವೇರಿ ಕೊಳಾಯಿ ಗಟ್ಟಿಯಾಗಿ ಬೇರೂರಿದ್ದ ಹಳೇ ಬೆಂಗಳೂರಿನಲ್ಲಿ ಆ ಬೇಸಿಗೆ ಹೇಗೋ ಕಳೆಯಿತು. ಕೊಳವೆಬಾವಿಯನ್ನೇ ನಂಬಿದ್ದ ಪೂರ್ವದ ಅಂಚಿನಲ್ಲಿ, ಮಹದೇವಪುರ, ವೈಟ್‌ಫೀಲ್ಡ್, ವರ್ತೂರು ಕಡೆ, ಆ ಕೊರತೆಯ ದೊಡ್ಡ ಪಾಲು ಬಂದು ಕೂತಿತು. ಪೈ ಚಾರ್ಟಿನ ತುಂಡಿಗೆ ವಿಳಾಸ ಇರುವುದಿಲ್ಲ. ಅದೇ ನಾಲ್ಕು ಸಂಖ್ಯೆಗಳನ್ನು ವಲಯವಾರು ಸ್ತಂಭಗಳಾಗಿ ಬರೆದು, ಪ್ರತಿ ಸ್ತಂಭದಲ್ಲೂ ಕಾವೇರಿ ಎಷ್ಟು, ಕೊಳವೆಬಾವಿ ಎಷ್ಟು, ಟ್ಯಾಂಕರ್ ಎಷ್ಟು ಎಂದು ಬಣ್ಣ ಹಚ್ಚಿದ್ದರೆ ಕೊರತೆ ಯಾರ ಮನೆಯದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ತಲಾ ಲೆಕ್ಕಕ್ಕೆ ಹೊರಟರೆ ಇನ್ನೊಂದು ತೊಡಕು. 2,600 ಎಂಎಲ್‌ಡಿಯನ್ನು 2011ರ ಜನಗಣತಿಯ ಬಿಬಿಎಂಪಿ ಜನಸಂಖ್ಯೆ 84,43,675ರಿಂದ ಭಾಗಿಸಿದರೆ ತಲೆಗೆ 308 ಲೀಟರ್ ಬರುತ್ತದೆ. ಈಗ ಎಲ್ಲರೂ ಅಂದಾಜಿನಲ್ಲಿ ಹೇಳುವ 1.4 ಕೋಟಿಯಿಂದ ಭಾಗಿಸಿದರೆ ಸುಮಾರು 186 ಲೀಟರ್. ಮೇಲಿನ ಸಂಖ್ಯೆ ಬದಲಾಗಲೇ ಇಲ್ಲ, ಕೆಳಗಿನದು ಬದಲಾಯಿತು, ಅಷ್ಟಕ್ಕೇ ಒಂದು ಚಿತ್ರ ಬೆಂಗಳೂರಿಗರನ್ನು ದುಂದುಗಾರರೆನ್ನುತ್ತದೆ, ಇನ್ನೊಂದು ಅಷ್ಟೇನೂ ಇಲ್ಲ ಎನ್ನುತ್ತದೆ. ಐ.ಟಿ. ಪಟ್ಟಿಯಂಥ ಕಡೆ ಈ ದೋಷ ಇನ್ನೂ ದೊಡ್ಡದು. 2011ರಿಂದೀಚೆಗೆ ದೊಡ್ಡನೆಕ್ಕುಂದಿ, ಕಾರ್ತಿಕ್ ನಗರ, ಎಇಸಿಎಸ್ ಲೇಔಟ್ ಸುತ್ತ ಎದ್ದ ಪಿ.ಜಿ.ಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ, ಕೂಲಿಕಾರರ ಶೆಡ್‌ಗಳಲ್ಲಿ ಇರುವವರು ಆ ಲೆಕ್ಕದಲ್ಲಿ ಇಲ್ಲ. ಹಳೆಯ ತಲೆ ಎಣಿಕೆಯ ಮೇಲೆ ಬರೆದ ಯಾವುದೇ ತಲಾವಾರು ಚಿತ್ರದಲ್ಲಿ ಅವರು ನೀರು ಕುಡಿಯುತ್ತಾರೆ, ಕಸ ಹಾಕುತ್ತಾರೆ, ಬಸ್ ಹತ್ತುತ್ತಾರೆ, ಆದರೆ ಎಣಿಕೆಗೆ ಬರುವುದಿಲ್ಲ.

ಸರಾಸರಿ ಸ್ಥಳವನ್ನು ಮರೆಸುವ ಹಾಗೆ ಕಾಲವನ್ನೂ ಮರೆಸುತ್ತದೆ. 2022ರಲ್ಲಿ ಬೆಂಗಳೂರಿನ ವರ್ಷದ ಮಳೆ, 2017ರ 1,696 ಮಿಲಿಮೀಟರ್ ದಾಖಲೆಯನ್ನು ಮುರಿಯಿತು. ಮರುವರ್ಷವೇ ರಾಜ್ಯದ ಮುಂಗಾರು ವಾಡಿಕೆಗಿಂತ ಶೇ 25ರಷ್ಟು ಕಡಿಮೆಯಾಗಿ, 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಎರಡು ವರ್ಷ ಕೂಡಿಸಿ ಭಾಗಿಸಿದರೆ ರಾಜ್ಯದ ಮಳೆ ಹೆಚ್ಚುಕಡಿಮೆ ವಾಡಿಕೆಯ ಹತ್ತಿರ ಬಂದು ನಿಲ್ಲುತ್ತದೆ. ಆ ಗೆರೆಯ ಮೇಲೆ ಮುಳುಗಿದವರೂ ಇಲ್ಲ, ಒಣಗಿದವರೂ ಇಲ್ಲ. ಮಳೆಯ ಚಿತ್ರವನ್ನು ಜನವರಿ, ಫೆಬ್ರವರಿ ಎಂದು ತಿಂಗಳುವಾರು ಕತ್ತರಿಸುವ ಬದಲು ನಮ್ಮ ರೈತರ ಮಳೆ ನಕ್ಷತ್ರಗಳ ಪ್ರಕಾರ, ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ಬರೆದು ನೋಡಬೇಕೆಂಬ ಆಸೆ ನನಗಿದೆ. ಸೆಪ್ಟೆಂಬರ್ ಎಂಬ ಒಂದೇ ಸ್ತಂಭದಲ್ಲಿ ಹುಬ್ಬೆಯ ಹೊಡೆತ, ಉತ್ತರೆಯ ಬಿಡುವು ಎರಡೂ ಕರಗಿಹೋಗುತ್ತವೆ. ಹಳ್ಳಿಯಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಆ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಇದಕ್ಕೆ ಬೇಕಾದ ಅಂಕಿ ಇಲ್ಲವೇ? ಇದೆ, ಕರ್ನಾಟಕದಲ್ಲಿ ಧಾರಾಳವಾಗಿಯೇ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಯಲಹಂಕದಲ್ಲಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಅಲ್ಲಿಗೆ ಮಾಹಿತಿ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ಅವರು ಮಾಡಿದ ‘ಬೆಂಗಳೂರು ಮೇಘಸಂದೇಶ’ ಆ್ಯಪ್ ನಗರದೊಳಗೆ ಎಲ್ಲಿ ಎಷ್ಟು ಮಳೆ, ಎಲ್ಲಿ ನೀರು ನಿಲ್ಲಬಹುದು ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ದೇಶದ ಬೇರೆ ಎಷ್ಟೋ ರಾಜ್ಯಗಳಿಗೆ ಇಂಥ ಜಾಲ ಇಲ್ಲ. ಇಷ್ಟು ಸೂಕ್ಷ್ಮವಾಗಿ ಅಳೆದು, ಕೊನೆಗೆ ಜನರ ಮುಂದೆ ಇಡುವಾಗ ‘ಬೆಂಗಳೂರು: ಇಷ್ಟು ಮಿ.ಮೀ.’ ಎಂಬ ಒಂದೇ ಸಾಲು ಮಾಡುವುದು ನನಗೆ ನೋವಿನ ವಿಷಯ.

ಗಡಿಯ ಮಾತಿಗೆ ಮರಳೋಣ. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ 1854ರ ಕಾಲರಾ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿದ ಕಥೆ ಶಾಲಾ ಪುಸ್ತಕಗಳಿಗೂ ಬಂದಿದೆ. ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಸಾವಿನ ಗುರುತುಗಳು ಗುಂಪಾದವು ಎಂಬಲ್ಲಿಗೆ ಕಥೆ ನಿಂತುಬಿಡುತ್ತದೆ. ಮುಂದಿನ ವರ್ಷ ಅವರು ಅದೇ ನಕ್ಷೆಯನ್ನು ತಿದ್ದಿ ಒಂದು ಗೆರೆ ಸೇರಿಸಿದರು. ಬ್ರಾಡ್ ಸ್ಟ್ರೀಟ್ ಪಂಪಿಗೂ ಸುತ್ತಲಿನ ಬೇರೆ ಪಂಪುಗಳಿಗೂ ನಡೆದುಹೋಗಲು ಸಮದೂರವಿರುವ ಜಾಗಗಳನ್ನೆಲ್ಲ ಕೂಡಿಸುವ ಅಂಕುಡೊಂಕಾದ ಗೆರೆ ಅದು. ಅದರ ಒಳಗಿನವರಿಗೆ ಆ ಪಂಪೇ ಹತ್ತಿರ, ಹೊರಗಿನವರಿಗೆ ಬೇರೆ ಪಂಪು ಹತ್ತಿರ. ಚರ್ಚಿನ ಪ್ಯಾರಿಷ್ ಗಡಿ, ಆಡಳಿತದ ಗಡಿ ಯಾವುದನ್ನೂ ಅವರು ತೆಗೆದುಕೊಳ್ಳಲಿಲ್ಲ. ಕೊಡ ಹಿಡಿದ ಹೆಂಗಸು ಯಾವ ದಾರಿಯಲ್ಲಿ ನಡೆಯುತ್ತಾಳೆ ಎಂಬುದನ್ನೇ ಗಡಿ ಮಾಡಿದರು. ಸಾವಿನ ಗುರುತುಗಳಿಗಿಂತ ಆ ಗೆರೆ ದೊಡ್ಡ ಶೋಧ ಎಂದು ನಾನು ನಂಬುತ್ತೇನೆ.

ದೊಡ್ಡನೆಕ್ಕುಂದಿಗೆ ಅಂಥ ಗಡಿ ಯಾವುದು? ವಾರ್ಡಿನ ಗಡಿಯಂತೂ ಅಲ್ಲ. 2007ರಲ್ಲಿ ಮಹದೇವಪುರ ನಗರಸಭೆ ಸೇರಿದಂತೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 198 ವಾರ್ಡುಗಳಾದವು, ದೊಡ್ಡನೆಕ್ಕುಂದಿ 85ನೇ ವಾರ್ಡು. ಆಮೇಲೆ 2022ರಲ್ಲಿ 243, 2023ರಲ್ಲಿ 225 ಎಂದು ವಾರ್ಡುಗಳನ್ನು ಮರುವಿಂಗಡಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು, ಮಹದೇವಪುರ ಮತ್ತು ಕೆ.ಆರ್. ಪುರದ ಭಾಗಗಳು ಪೂರ್ವ ಪಾಲಿಕೆಗೆ ಬಂದವು, ವಾರ್ಡಿನ ಗೆರೆಗಳನ್ನು ಇನ್ನೊಮ್ಮೆ ಬರೆದರು. ಹೀಗೆ ಗೆರೆ ಓಡಾಡುತ್ತಿದ್ದರೆ ಹತ್ತು ವರ್ಷದ ಹಿಂದೆ ಈ ವಾರ್ಡಿನಲ್ಲಿ ಎಷ್ಟು ಮರ, ಎಷ್ಟು ಅಂಗನವಾಡಿ, ಎಷ್ಟು ಡೆಂಗಿ, ಈಗ ಎಷ್ಟು ಎಂದು ಹೋಲಿಸುವುದು ಹೇಗೆ? ಎರಡು ಸ್ತಂಭ ಪಕ್ಕಪಕ್ಕ ನಿಲ್ಲಿಸಬಹುದು, ಆದರೆ ಅವು ಒಂದೇ ನೆಲದ ಸ್ತಂಭಗಳಲ್ಲ. ವಾರ್ಡುಗಳ ಡಿಜಿಟಲ್ ನಕ್ಷೆಯನ್ನು ಬೆಂಗಳೂರಿನ ಡೇಟಾಮೀಟ್ ಬಳಗದಂಥ ಉತ್ಸಾಹಿಗಳು ತಾವೇ ಕಲೆಹಾಕಿ ಎಲ್ಲರಿಗೂ ಬಿಟ್ಟುಕೊಟ್ಟಿರದಿದ್ದರೆ ಈ ಬದಲಾವಣೆಯನ್ನು ಗುರುತಿಸುವುದೂ ಕಷ್ಟವಾಗುತ್ತಿತ್ತು.

ಅಲುಗದ ಗಡಿ ಒಂದಿದೆ. ಅದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಪಹಣಿ, ಪೋಡಿ, ಹದ್ದುಬಸ್ತು ಎಂದು ತಾಲ್ಲೂಕು ಕಚೇರಿ ಸುತ್ತಿದವರಿಗೆಲ್ಲ ಗೊತ್ತಿರುವ ನಕ್ಷೆ. 33 ಅಡಿಯ ಸರಪಳಿ ಹಿಡಿದು ನೆಲ ಅಳೆದ ಸರ್ವೆಯವರು ಅದರಲ್ಲಿ ಏನೇನನ್ನು ಬರೆದಿಟ್ಟಿದ್ದಾರೆ ನೋಡಿ: ಸರ್ವೆ ನಂಬರ್, ಬಾಂದು ಕಲ್ಲು, ಕೆರೆ, ಕಾಲುವೆ, ಬಾವಿ, ಗುಂಡುತೋಪು, ಬಂಡಿದಾರಿ, ಸ್ಮಶಾನ, ಖರಾಬು. ಸಾಗುವಳಿ ನೆಲಕ್ಕೆ ಒಂದು ಗುರುತು, ಬಂಡೆಗೆ ಒಂದು, ಹಳ್ಳಕ್ಕೆ ಒಂದು. ಸರಪಳಿಯ ಉದ್ದಗಲ ಸೇರಿದರೆ ಒಂದು ಗುಂಟೆ, 1,089 ಚದರ ಅಡಿ, ಅಂಥ ನಲವತ್ತು ಸೇರಿದರೆ ಎಕರೆ. ದೊಡ್ಡನೆಕ್ಕುಂದಿಯ ಬಗ್ಗೆ ಬರೆದ ಅತ್ಯುತ್ತಮ ಇನ್ಫೋಗ್ರಾಫಿಕ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ನಕ್ಷೆಯನ್ನೇ. ಅದರಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದು ಬರೆದಿದೆ.

ಆ ನಕ್ಷೆ ಇವತ್ತು ಅಂಗೈಯಲ್ಲಿದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಮಾಡಿದ ‘ದಿಶಾಂಕ್’ ಆ್ಯಪ್ ತೆರೆದು ಹೊರವರ್ತುಲ ರಸ್ತೆಯ ಪಕ್ಕ ಯಾವುದೋ ಗಾಜಿನ ಕಟ್ಟಡದ ಎದುರು ನಿಂತರೆ, ನೀವು ಯಾವ ಗ್ರಾಮದ ಎಷ್ಟನೇ ಸರ್ವೆ ನಂಬರಿನ ಮೇಲೆ ನಿಂತಿದ್ದೀರಿ, ಪಕ್ಕದಲ್ಲಿ ಕೆರೆಯಂಗಳ ಇತ್ತೇ, ರಾಜಕಾಲುವೆ ಹಾದಿತ್ತೇ ಎಂದು ಅದು ತೋರಿಸುತ್ತದೆ. ಉಪಗ್ರಹದ ಚಿತ್ರದ ಮೇಲೆ ಹಳೆಯ ನಕ್ಷೆಯ ಗೆರೆ ಬಂದು ಕೂರುತ್ತದೆ. ಕೆಳಗೆ ಕಾಂಕ್ರೀಟು, ಮೇಲೆ ಕಾಲುವೆಯ ಗೆರೆ. ಸೈಟು ಕೊಳ್ಳುವ ಮುಂಚೆ ದಿಶಾಂಕ್ ನೋಡುವ ಅಭ್ಯಾಸ ಈಗ ಸಾಮಾನ್ಯ ಜನರಿಗೂ ಬಂದಿದೆ. ಗಣಿತ, ಗ್ರಾಫ್ ಎಂದರೆ ದೂರ ಸರಿಯುವವರೂ ಈ ಚಿತ್ರವನ್ನು ಚೆನ್ನಾಗಿ ಓದುತ್ತಾರೆ, ಏಕೆಂದರೆ ತಮ್ಮ ದುಡ್ಡು, ತಮ್ಮ ನೆಲ, ತಮ್ಮ ಬಾಗಿಲಿಗೆ ಬರುವ ನೀರು ಅದರೊಳಗಿದೆ. ದೊಡ್ಡನೆಕ್ಕುಂದಿ ಕೆರೆಯ ಕೋಡಿ ನೀರು ಮುನ್ನೇಕೊಳಾಲ ದಾಟಿ ವರ್ತೂರು ಕೆರೆಯತ್ತ ಇಳಿದು, ಮುಂದೆ ದಕ್ಷಿಣ ಪಿನಾಕಿನಿ ಸೇರಬೇಕಾದದ್ದು. ಮಳೆ ಬಂದಾಗ ಆ ಗೆರೆಯೇ ನಿಜವಾದ ಗಡಿ. ಅದರ ಮೇಲ್ಭಾಗದಲ್ಲಿ ಎಷ್ಟು ನೆಲ ಮುಚ್ಚಿದೆ ಎಂಬುದರ ಮೇಲೆ ಕೆಳಗಿನವರ ನೆಲಮಹಡಿಯ ಪಾರ್ಕಿಂಗ್ ತುಂಬುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ.

ಎಷ್ಟು ನೆಲ ಮುಚ್ಚಿದೆ ಎಂಬುದಕ್ಕೂ ಚಿತ್ರ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ 1973ರಿಂದೀಚಿನ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳನ್ನು ಸಾಲಾಗಿ ಜೋಡಿಸಿ ಬೆಂಗಳೂರಿನ ಕಟ್ಟಡಗಳ ಹರವು ಸುಮಾರು ಹತ್ತು ಪಟ್ಟು ಬೆಳೆದದ್ದನ್ನು, ಹಸಿರೂ ನೀರಿನ ಹರವೂ ಕುಗ್ಗಿದ್ದನ್ನು ತೋರಿಸಿದ್ದಾರೆ. ಹಸಿರು ಮತ್ತು ಕೆಂಪಿನ ಆ ನಕ್ಷೆಗಳ ಸಾಲನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದನ್ನು ಓದುವಾಗಲೂ ಅಳತೆ ನೆನಪಿರಬೇಕು. ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕಿ 30 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂಬತ್ತು ಗುಂಟೆ. 1970ರ ದಶಕದ ಚಿತ್ರಗಳಲ್ಲಿ ಚುಕ್ಕಿ ಇನ್ನೂ ದೊಡ್ಡದು. ಒಂಬತ್ತು ಗುಂಟೆಯೊಳಗೆ ಎಂಟು 30×40 ಸೈಟು ಹಿಡಿಯುತ್ತವೆ. ಒಂದು ಮನೆಯವರು ಉಳಿಸಿಕೊಂಡ ಹಲಸಿನ ಮರ, ಎರಡಡಿ ಅಗಲಕ್ಕೆ ಇಳಿದ ಕಾಲುವೆ ಅಷ್ಟು ಎತ್ತರದಿಂದ ಕಾಣುವುದಿಲ್ಲ. ಆಕಾಶದ ನಕ್ಷೆಯ ಜೊತೆಗೆ ಗ್ರಾಮ ನಕ್ಷೆಯನ್ನೂ ಇಡಬೇಕೆನ್ನುವುದು ಇದಕ್ಕೇ. ಇಸ್ರೊದ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರ ಇರುವುದು ಇದೇ ಮಾರತ್ತಹಳ್ಳಿ–ದೊಡ್ಡನೆಕ್ಕುಂದಿ ಸೀಮೆಯಲ್ಲಿ, ಮಂಗಳಯಾನ ನೌಕೆಯನ್ನು ಶ್ರೀಹರಿಕೋಟಕ್ಕೆ ಕಳಿಸುವ ಮುನ್ನ ಪರೀಕ್ಷಿಸಿದ್ದು ಇಲ್ಲೇ. ಭೂಮಿಯನ್ನು ಮೇಲಿನಿಂದ ನೋಡುವ ವಿದ್ಯೆ ಈ ಊರಿಗೆ ಹೊಸದಲ್ಲ, ಊರಿನ ಜನರಿಗೆ ಅದನ್ನು ಓದಲು ಕಲಿಸುವುದು ಬಾಕಿ ಇದೆ.

ಗಡಿಯ ಹಾಗೆಯೇ ಬಣ್ಣವೂ ಯಾರೋ ಮಾಡಿದ ತೀರ್ಮಾನ. ಹೊರವರ್ತುಲ ರಸ್ತೆಯ ಕಾಡುಬೀಸನಹಳ್ಳಿಯಲ್ಲಿ ಗಾಳಿಯನ್ನು ಸತತವಾಗಿ ಅಳೆಯುವ ಕೇಂದ್ರವೊಂದಿದೆ, ಪೀಣ್ಯದಲ್ಲಿ ಇನ್ನೊಂದು. ಗಾಳಿಯಲ್ಲಿ ಪಿಎಂ 2.5 ಎಂಬ ನುಣ್ಣನೆಯ ಕಣ ಘನ ಮೀಟರಿಗೆ 58 ಮೈಕ್ರೋಗ್ರಾಂ ಇದ್ದ ದಿನವನ್ನು ಕಲ್ಪಿಸಿಕೊಳ್ಳಿ. 2015ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸೂಚ್ಯಂಕದ ಪ್ರಕಾರ ಅದು ಸುಮಾರು 97, ‘ತೃಪ್ತಿಕರ’, ತಿಳಿ ಹಸಿರು. ಅಮೆರಿಕದ ಸೂಚ್ಯಂಕ ಬಳಸುವ ಆ್ಯಪ್‌ನಲ್ಲಿ ಅದೇ ಗಾಳಿ 150 ದಾಟಿ ಕೆಂಪಾಗುತ್ತದೆ, ಎಲ್ಲರ ಆರೋಗ್ಯಕ್ಕೂ ಕೆಟ್ಟದ್ದು ಎನ್ನುತ್ತದೆ. 24 ಗಂಟೆಯ ಸರಾಸರಿ 15 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಒಂದೇ ಕಚೇರಿಯ ಇಬ್ಬರು ಎರಡು ಫೋನು ಹಿಡಿದರೆ ಒಬ್ಬರಿಗೆ ಹಸಿರು, ಒಬ್ಬರಿಗೆ ಕೆಂಪು. ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲಿ ಹಸಿರು ಮುಗಿಯಬೇಕು ಎಂಬ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿದ್ದಾರೆ. ಆಸ್ತಮಾ ಇರುವ ಮಗುವನ್ನು ಶಾಲೆಯ ಮೈದಾನಕ್ಕೆ ಬಿಡಬೇಕೇ ಎಂದು ಯೋಚಿಸುವ ತಾಯಿ ಬಣ್ಣವನ್ನು ಬಿಟ್ಟು 58 ಎಂಬ ಮೂಲ ಸಂಖ್ಯೆಯನ್ನೇ ನೋಡಬೇಕು. ಆ ಸಂಖ್ಯೆಯನ್ನು ಚಿತ್ರದ ಮೂಲೆಯಲ್ಲಾದರೂ ಕಾಣುವ ಹಾಗೆ ಹಾಕುವುದು ಬರೆಯುವವರ ಕರ್ತವ್ಯ.

ಚುನಾವಣೆಯ ನಕ್ಷೆಗಳಲ್ಲಿಯೂ ಇಂಥದ್ದೇ ಅನ್ಯಾಯ ಇದೆ. ರಾಜ್ಯದ 224 ಕ್ಷೇತ್ರಗಳ ನಕ್ಷೆಗೆ ಬಣ್ಣ ತುಂಬಿದರೆ ಕಾಡು ಗುಡ್ಡಗಳ ದೊಡ್ಡ ಕ್ಷೇತ್ರಗಳು ಕಣ್ತುಂಬುತ್ತವೆ, ಬೆಂಗಳೂರಿನ 28 ಕ್ಷೇತ್ರಗಳು ಒಂದು ಮಸಿ ಚುಕ್ಕಿ. ಮಹದೇವಪುರ ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿರುವ ಕ್ಷೇತ್ರಗಳಲ್ಲಿ ಒಂದು. ಪ್ರತಿ ಕ್ಷೇತ್ರಕ್ಕೂ ಒಂದೇ ಅಳತೆಯ ಚೌಕ ಕೊಟ್ಟು ಬರೆಯುವ ಪತ್ರಿಕೆಗಳು ಈಗ ಹೆಚ್ಚುತ್ತಿರುವುದು ಒಳ್ಳೆಯ ಬೆಳವಣಿಗೆ.

ಜಗತ್ತಿಗೆಲ್ಲ ಅಂಕಿಗಳನ್ನು ಹೊಸದಾಗಿ ನೋಡಲು ಕಲಿಸಿದ ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್‌ಗೂ ಬೆಂಗಳೂರಿಗೂ ನಂಟಿದೆ. 1972ರಲ್ಲಿ, ವೈದ್ಯ ವಿದ್ಯಾರ್ಥಿಯಾಗಿದ್ದಾಗ, ಅವರು ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಓದಲು ಬಂದಿದ್ದರು. ತರಗತಿಯಲ್ಲಿ ಎಕ್ಸ್‌ರೇ ಹಿಡಿದು ಪ್ರಶ್ನೆ ಕೇಳಿದಾಗ ಜೊತೆಗಿದ್ದ ಭಾರತೀಯ ವಿದ್ಯಾರ್ಥಿಗಳು ತಮಗಿಂತ ಎಷ್ಟೋ ಆಳವಾಗಿ ಉತ್ತರಿಸಿದ್ದನ್ನು ಕಂಡು, ಪಶ್ಚಿಮವೇ ಯಾವಾಗಲೂ ಮುಂದಿರುತ್ತದೆ ಎಂಬ ತಮ್ಮ ನಂಬಿಕೆ ಅಂದೇ ಕಳಚಿತೆಂದು 2009ರ ನವೆಂಬರ್‌ನಲ್ಲಿ ಮೈಸೂರಿನ ಟೆಡ್ ಸಮಾವೇಶದಲ್ಲಿ ಅವರೇ ಹೇಳಿದರು. ದೇಶಗಳನ್ನು ಗುಳ್ಳೆಗಳನ್ನಾಗಿ ಮಾಡಿ, ವರ್ಷಗಳು ಉರುಳಿದಂತೆ ಆದಾಯ, ಆಯಸ್ಸುಗಳ ಜೊತೆ ಅವು ಚಲಿಸುವ ಹಾಗೆ ತೋರಿಸಿದ ಗ್ಯಾಪ್‌ಮೈಂಡರ್ ಅವರದು. 2006ರ ಅವರ ಮೊದಲ ಪ್ರಸಿದ್ಧ ಭಾಷಣದಲ್ಲಿ ನನಗೆ ಬಹಳ ಹಿಡಿಸುವುದು ಗುಳ್ಳೆಗಳು ಓಡುವ ಭಾಗವಲ್ಲ. ಆಫ್ರಿಕಾ ಎಂಬ ಒಂದು ದೊಡ್ಡ ಗುಳ್ಳೆಯನ್ನು ಅವರು ದೇಶಗಳಾಗಿ ಒಡೆಯುತ್ತಾರೆ. ಆಮೇಲೆ ಕೆಲವು ದೇಶಗಳನ್ನು ಬಡವರಿಂದ ಶ್ರೀಮಂತರವರೆಗೆ ಐದೈದು ಪಾಲು ಮಾಡುತ್ತಾರೆ. ಒಂದೇ ಕಡೆ ಕೂತಿದ್ದ ಗುಳ್ಳೆ ಪರದೆಯ ಉದ್ದಕ್ಕೂ ಚೆಲ್ಲಿಕೊಳ್ಳುತ್ತದೆ. 2017ರಲ್ಲಿ ತೀರಿಕೊಳ್ಳುವವರೆಗೂ ಅವರು ಹೇಳುತ್ತಾ ಬಂದದ್ದು ಇದನ್ನೇ: ಸರಾಸರಿಯನ್ನು ಒಡೆದು ನೋಡಿ.

ಬೆಂಗಳೂರು ಎಂಬ ಗುಳ್ಳೆಯನ್ನು ಹಾಗೆ ಒಡೆಯುವ ಕೆಲಸಕ್ಕೆ ತಜ್ಞರನ್ನೇ ಕಾಯಬೇಕಿಲ್ಲ. 1786ರಲ್ಲಿ ವಿಲಿಯಂ ಪ್ಲೇಫೇರ್ ತಮ್ಮ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ವ್ಯಾಪಾರವನ್ನು ಚಿತ್ರಿಸಲು ಹೊರಟಾಗ ಅವರ ಬಳಿ ಒಂದೇ ವರ್ಷದ ಅಂಕಿ ಇತ್ತು. ವರ್ಷದಿಂದ ವರ್ಷಕ್ಕೆ ಏರಿಳಿಯುವ ಗೆರೆ ಎಳೆಯಲಾಗದೆ ಅವರು ಸ್ತಂಭಗಳನ್ನು ಬರೆದರು. ಇಂದು ಮೂರನೇ ತರಗತಿಯ ಮಕ್ಕಳೂ ಬರೆಯುವ ಸ್ತಂಭ ನಕ್ಷೆ ಅಂಕಿಯ ಬಡತನದಲ್ಲಿ ಹುಟ್ಟಿದ್ದು. ಒಂದು ವರ್ಷದ ಲೆಕ್ಕ ಇದ್ದರೂ ಏನಾದರೂ ತೋರಿಸಬಹುದು. ದೊಡ್ಡನೆಕ್ಕುಂದಿಯ ಯಾವುದಾದರೂ ಶಾಲೆಯ ಮಕ್ಕಳು ಒಂದು ಮಳೆಮಾಪಕ ಇಟ್ಟು, ಕೆರೆಯ ಕಟ್ಟೆಯ ಬಳಿ ಅಡಿಗಳ ಗುರುತು ಬರೆದ ಒಂದು ಕಂಬ ನಿಲ್ಲಿಸಿ, ಬೀದಿಗೆ ಬಂದ ಟ್ಯಾಂಕರ್‌ಗಳನ್ನು ವಾರಕ್ಕೊಮ್ಮೆ ಎಣಿಸಿ, ಮೂರನ್ನೂ ಒಂದೇ ಕಾಲರೇಖೆಯ ಮೇಲೆ ಒಂದರ ಕೆಳಗೊಂದು ಬರೆದರೆ ಈ ಊರಿನ ನೀರಿನ ಬಗ್ಗೆ ಯಾವ ವರದಿಯಲ್ಲೂ ಇಲ್ಲದ ಚಿತ್ರ ಸಿಗುತ್ತದೆ. ಮೂರಕ್ಕೂ ಬೇರೆ ಬೇರೆ ಅಳತೆಗೋಲು ಇರಲಿ, ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ, ಅಳೆಯದ ವಾರವನ್ನು ಖಾಲಿಯಾಗಿಯೇ ಬಿಡಲಿ. ಖಾಲಿ ಬಿಟ್ಟ ಜಾಗವನ್ನು ಅಂದಾಜಿನ ಗೆರೆಯಿಂದ ತುಂಬುವುದು ಚಿತ್ರಕ್ಕೆ ಮಾಡುವ ದ್ರೋಹ.

ಮತ್ತೆ ಅದು ಕನ್ನಡದಲ್ಲಿರಬೇಕು. ನಗರದ ಅಂಕಿಗಳನ್ನು ತೋರಿಸುವ ಜಾಲತಾಣಗಳು, ಡ್ಯಾಶ್‌ಬೋರ್ಡ್‌ಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಮಾಡಹೊರಟವರಿಗೆ ತಾಂತ್ರಿಕ ತೊಂದರೆಗಳೂ ಇವೆ. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಸರಿಯಾದ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ಇಕ್ಕಟ್ಟಾದ ಸ್ತಂಭದ ಕೆಳಗೆ ‘ದೊಡ್ಡನೆಕ್ಕುಂದಿ’ ಎಂದು ಬರೆದರೆ ಒಂದರ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಪರಿಹಾರ ಸುಲಭ: ಸ್ತಂಭಗಳನ್ನು ಅಡ್ಡಡ್ಡ ಮಲಗಿಸಿ, ಹೆಸರುಗಳನ್ನು ಎಡಕ್ಕೆ ಬರೆಯಿರಿ, ಯೂನಿಕೋಡ್ ಅಕ್ಷರ ಬಳಸಿ, ಸಾಲುಗಳ ನಡುವೆ ಜಾಗ ಬಿಡಿ. ಪೌರಕಾರ್ಮಿಕರು, ಆಟೊ ಚಾಲಕರು, ಕಾರ್ಖಾನೆಯ ಪಾಳಿ ಮುಗಿಸಿ ಬರುವವರು ಓದಲಾಗದ ಚಿತ್ರ ಅವರ ಬೀದಿಯ ಬಗ್ಗೆಯೇ ಇದ್ದರೂ ಅವರದ್ದಾಗುವುದಿಲ್ಲ.

ಕೊನೆಗೊಂದು ತುರ್ತಿನ ವಿಷಯ. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಹದಿನಾರು ವರ್ಷಗಳ ನಂತರ ಈ ಐ.ಟಿ. ಪಟ್ಟಿಯ ಜನರನ್ನು ಮೊದಲ ಸಲ ಎಣಿಸುತ್ತಿದ್ದಾರೆ. ಗಣತಿದಾರರು ಎಣಿಸುವುದು ಚಿಕ್ಕ ಚಿಕ್ಕ ಬ್ಲಾಕ್‌ಗಳಲ್ಲಿ, ಆದರೆ 2011ರಲ್ಲಿ ನಗರಗಳ ಅಂಕಿ ನಮಗೆ ಸಿಕ್ಕಿದ್ದು ವಾರ್ಡಿನ ಮಟ್ಟಕ್ಕೆ ಮಾತ್ರ. ಈ ಸಲವೂ ಅಷ್ಟೇ ಕೊಟ್ಟರೆ, ಹೊಸ ವಾರ್ಡುಗಳ ಲೆಕ್ಕವನ್ನು ಹಳೆಯ 85ನೇ ವಾರ್ಡಿನ ಜೊತೆ ಹೋಲಿಸಲಾಗದು, ಕೆರೆಯ ಜಲಾನಯನದೊಳಗೆ ಎಷ್ಟು ಜನ ಇದ್ದಾರೆಂದು ಹೇಳಲಾಗದು, ಮುಂದಿನ ನೀರಿನ ಯೋಜನೆಯನ್ನೂ ಅಂದಾಜಿನ ಮೇಲೆಯೇ ಬರೆಯಬೇಕಾಗುತ್ತದೆ. ಮನೆಯ, ವ್ಯಕ್ತಿಯ ಗುಟ್ಟು ಬಯಲಾಗದ ಹಾಗೆ ಬ್ಲಾಕ್‌ವಾರು ಒಟ್ಟು ಸಂಖ್ಯೆಯನ್ನೂ ಬ್ಲಾಕ್‌ಗಳ ಗಡಿಯ ನಕ್ಷೆಯನ್ನೂ ಜೊತೆಯಲ್ಲೇ ಪ್ರಕಟಿಸಿ ಎಂದು ನಿವಾಸಿಗಳ ಸಂಘಗಳು, ಕೆರೆ ಸಮಿತಿಗಳು, ಪೂರ್ವ ಪಾಲಿಕೆಯ ಪ್ರತಿನಿಧಿಗಳು ಜನಗಣತಿ ನಿರ್ದೇಶನಾಲಯಕ್ಕೆ ಈಗಲೇ ಬರೆಯಬೇಕು. ಪಟ್ಟಿಗಳು ಅಚ್ಚಾದ ಮೇಲೆ ಕೇಳಿದರೆ ತಡವಾಗುತ್ತದೆ.